‘ಅಂತರಾಗ್ನಿ’ ಆಲ್ಬಂ ಮತ್ತು ಅದರ ವೇದಿಕೆಯ ಧ್ವನಿಮುದ್ರಣಗಳು: ಹೊಸೂರಿನ ಒಬ್ಬ ಕೇಳುಗನ ಟಿಪ್ಪಣಿ

ಧ್ವನಿ ಕೇಳಿಸ್ತಿದೆ ಅಂದ್ಕೊಳ್ತೀನಿ. ನಮ್ಮ ಮನೆ ಹೊಸೂರಿನ ಬಾಗಲೂರು ರಸ್ತೆಗೆ ಅಂಟಿಕೊಂಡೇ ಇದೆ. ಮಧ್ಯೆ ಮಧ್ಯೆ ಲಾರಿ ಹಾರ್ನ್ ಬರುತ್ತೆ, ಸಹಿಸ್ಕೊಳ್ಳಿ.

ಹೋದ ಸಲದ ಗೋಷ್ಠಿಯಲ್ಲಿ ಮ್ಯಾಂಚೆಸ್ಟರಿನ ‘ದ ಸ್ಟೋನ್ ರೋಸಸ್’ ತಂಡದ ಬಗ್ಗೆ ಗೆಳೆಯರೊಬ್ಬರು ಮಾತಾಡಿದ್ರು. 1989ರ ಮೇ ತಿಂಗಳಲ್ಲಿ ಅವರ ಮೊದಲ ಆಲ್ಬಂ ಬಂತು, ನಿರ್ಮಾಪಕ ಜಾನ್ ಲೆಕಿ. ಅದೇ ವರ್ಷ ಆಗಸ್ಟಿನಲ್ಲಿ ಬ್ಲ್ಯಾಕ್‌ಪೂಲ್‌ನ ಎಂಪ್ರೆಸ್ ಬಾಲ್‌ರೂಮ್‌ನಲ್ಲಿ ನಡೆದ ಕಛೇರಿ ವಿಡಿಯೋ ಆಗಿ ಉಳಿದಿದೆ. 1990ರ ಮೇ 27ರಂದು ಸ್ಪೈಕ್ ಐಲೆಂಡಿನಲ್ಲಿ 27 ಸಾವಿರಕ್ಕೂ ಹೆಚ್ಚು ಜನ ಸೇರಿದ್ರು. ಗಾಳಿಗೆ ಸದ್ದೆಲ್ಲ ಹಾರಿಹೋಯ್ತು ಅಂತ ಹೋದವರು ಇವತ್ತಿಗೂ ದೂರ್ತಾರೆ, ಆದರೂ ಅಲ್ಲಿದ್ದೆ ಅಂತ ಹೇಳ್ಕೊಳ್ಳೋಕೆ ಮರೆಯಲ್ಲ. ಆಗ ನಮ್ಮ ಮೇಡಂ ಒಂದು ಪ್ರಶ್ನೆ ಹಾಕಿದ್ರು: ಇತಿಹಾಸ ಬರೆಯೋರಿಗೆ ಆಕರ ಯಾವುದು, ಸ್ಟುಡಿಯೋದಲ್ಲಿ ಮಾಡಿದ್ದೋ, ವೇದಿಕೆ ಮೇಲೆ ಆಗಿದ್ದೋ? ನಾನು ಎದ್ದ ಕೂಡಲೇ ‘ಸ್ಟುಡಿಯೋದ್ದು, ಅದಕ್ಕೆ ಖಚಿತವಾದ ತಾರೀಖಿದೆ’ ಅಂದುಬಿಟ್ಟೆ. ಆ ಉತ್ತರವನ್ನು ಇವತ್ತು ವಾಪಸ್ ತಗೊಳ್ಳೋಕೆ ಬಂದಿದ್ದೀನಿ.

ಮ್ಯಾಂಚೆಸ್ಟರಿನಿಂದ ನಮ್ಮ ಕಡೆಗೆ ಬರೋಕೆ ದಾರಿ ಅದೇ ಜಾನ್ ಲೆಕಿ. 2009ರಲ್ಲಿ ಬ್ರಿಟಿಷ್ ಕೌನ್ಸಿಲ್‌ನ ‘ಸೌಂಡ್‌ಪ್ಯಾಡ್’ ಯೋಜನೆಯಲ್ಲಿ ಅವರು ಭಾರತದ ನಾಲ್ಕು ತಂಡಗಳನ್ನು ಧ್ವನಿಮುದ್ರಿಸಿದ್ರು. ಅದರಲ್ಲಿ ಒಂದು, ವಾಸು ದೀಕ್ಷಿತ್ ಹಾಡುವ ‘ಸ್ವರಾತ್ಮ’. ವಾಸು ಅವರ ಅಣ್ಣ ರಘು ದೀಕ್ಷಿತ್ ಅದಕ್ಕೆ ಒಂದು ವರ್ಷ ಮೊದಲೇ, 2008ರಲ್ಲಿ, ತಮ್ಮ ತಂಡದ ಮೊದಲ ಆಲ್ಬಂ ತಂದಿದ್ರು. ಹೆಸರು ‘ಅಂತರಾಗ್ನಿ’. ಹೊರತಂದಿದ್ದು ವಿಶಾಲ್-ಶೇಖರ್ ಜೋಡಿಯ ಕೌಂಟರ್ ಕಲ್ಚರ್ ರೆಕಾರ್ಡ್ಸ್. ನನ್ನ ವಿಷಯ ಈ ಆಲ್ಬಂ.

‘ಮೊದಲ ಆಲ್ಬಂ’ ಅಂದ ತಕ್ಷಣ ಅಲ್ಲಿಂದಲೇ ಏನೋ ಶುರುವಾಯ್ತು ಅನ್ನೋ ಭಾವನೆ ಬರುತ್ತೆ. ಇಲ್ಲಿ ಹಾಗಿಲ್ಲ. ‘ಅಂತರಾಗ್ನಿ’ ಅನ್ನೋದು ರಘು ಅವರ ಹಿಂದಿನ ತಂಡದ ಹೆಸರೇ. ಆ ತಂಡ ಮುರಿದ ಮೇಲೆ ಹೆಸರು ಆಲ್ಬಂಗೆ ಬಂತು. ಕಾಲೇಜು ವೇದಿಕೆ, ಸಣ್ಣಪುಟ್ಟ ಕಾರ್ಯಕ್ರಮಗಳಲ್ಲಿ ವರ್ಷಗಟ್ಟಲೆ ಹಾಡ್ತಾ ಬಂದದ್ದು ಕೊನೆಗೆ ಸಿಡಿಗೆ ಇಳಿಯಿತು. ಸ್ಟುಡಿಯೋದಲ್ಲಿ ಹುಟ್ಟಿದ ಹಾಡುಗಳಲ್ಲ, ಸ್ಟುಡಿಯೋಗೆ ಬಂದು ನಿಂತ ಹಾಡುಗಳು. ಹಿಂದಿ, ಕನ್ನಡ, ಇಂಗ್ಲಿಷ್ ಮೂರೂ ಇವೆ. ಕನ್ನಡದ ಪಾಲಿಗೆ ಮುಖ್ಯವಾಗಿ ಶಿಶುನಾಳ ಶರೀಫರು: ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನೆಯ ಮಾಳಿಗಿ’.

ಶರೀಫರ ಕಾಲ 1819ರಿಂದ 1889. ತತ್ವಪದ ಹಾಡೋರ ಬಾಯಲ್ಲಿ ಅವರ ಪದಗಳು ನೂರು ವರ್ಷದ ಮೇಲೆ ಓಡಾಡಿದವು. ಆಮೇಲೆ ಸಿ. ಅಶ್ವಥ್ ಅವರ ಕಂಠ, ಕ್ಯಾಸೆಟ್ಟು, 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾ. ದಕ್ಷಿಣ ಕರ್ನಾಟಕದ ಮನೆಗಳಿಗೆ ಶರೀಫರು ತಲುಪಿದ್ದು ಬಹಳ ಮಟ್ಟಿಗೆ ಅಶ್ವಥ್ ಮೂಲಕವೇ. ಆದ್ದರಿಂದ ಗಿಟಾರ್, ಡ್ರಮ್ಸ್ ಸೇರಿದಾಗ ‘ಮೂಲ ಕೆಡಿಸಿದ್ರು’ ಅಂತ ಬೇಜಾರು ಮಾಡ್ಕೊಂಡ ಹಿರಿಯರಲ್ಲಿ ಅನೇಕರ ಕಿವಿಯಲ್ಲಿದ್ದ ‘ಮೂಲ’ ಇಪ್ಪತ್ತು ವರ್ಷದ ಕ್ಯಾಸೆಟ್ಟು. ಇದನ್ನ ಹಂಗಿಸೋಕೆ ಹೇಳ್ತಿಲ್ಲ. ಪ್ರತಿ ತಲೆಮಾರಿಗೂ ಮೂಲ ಅನ್ನೋದು ತಾನು ಮೊದಲು ಕೇಳಿದ್ದೇ ಆಗಿರುತ್ತೆ, ನನಗೂ ಸೇರಿಸಿ.

ನಾನು ಮೊದಲು ಕೇಳಿದ್ದು ಎಲ್ಲಿ? ಸಿಡಿ ಕೊಂಡವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ಹೊಸೂರು ಬಸ್ ಸ್ಟ್ಯಾಂಡ್ ಹತ್ತಿರ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡೋ ಅಂಗಡಿಗಳಿದ್ವು. ಇಳಯರಾಜ ಬೇಕಾ, ಅಣ್ಣಾವ್ರು ಬೇಕಾ, ತೆಲುಗು ಬೇಕಾ ಅಂತ ಕೇಳೋರು. ಮೂರು ಭಾಷೆಯ ಊರಿಗೆ ಮೂರು ಫೋಲ್ಡರು. ನಮ್ಮ ಕಾರ್ಡಿನಲ್ಲಿ ಆಲ್ಬಂ ಪೂರ್ತಿ ಇರಲಿಲ್ಲ. ಎರಡು ಹಾಡು ಸ್ಟುಡಿಯೋದ್ದು, ಉಳಿದದ್ದು ಯಾರೋ ಮೊಬೈಲಲ್ಲಿ ಹಿಡಿದ ವೇದಿಕೆಯ ಹಾಡು. ಚಪ್ಪಾಳೆ, ಶಿಳ್ಳೆ, ಅರ್ಧಕ್ಕೇ ನಿಂತುಹೋಗೋದು, ಎಲ್ಲಾ ಇತ್ತು.

ಇಲ್ಲಿ ನನ್ನ ತಂಗಿ ವಿಷಯ ಹೇಳಲೇಬೇಕು. 2006ರಲ್ಲಿ ತಮಿಳುನಾಡಿನಲ್ಲಿ ತಮಿಳು ಕಲಿಕೆ ಕಾಯ್ದೆ ಬಂತು. 2006-07ರಲ್ಲಿ ಒಂದನೇ ತರಗತಿಗೆ ಸೇರಿದ ಮಕ್ಕಳಿಂದ ತಮಿಳು ಕಡ್ಡಾಯ, ಆಮೇಲೆ ವರ್ಷಕ್ಕೊಂದು ತರಗತಿಯಂತೆ ಮೇಲಕ್ಕೆ. ನಾನು ಅದಕ್ಕೆ ಮುಂಚಿನವನು, ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮ. ತಂಗಿ ಮೊದಲನೇ ಬ್ಯಾಚು. ‘ಹೆಂಗೂ ತಮಿಳು ಪರೀಕ್ಷೆ ಬರೀಲೇಬೇಕು, ಪೂರ್ತಿ ತಮಿಳಲ್ಲೇ ಓದ್ಲಿ ಬಿಡು’ ಅಂದ್ರು ಅಪ್ಪ. ಹಾಗಾಗಿ ಒಂದೇ ಮನೆಯಲ್ಲಿ, ಒಂದೇ ತಟ್ಟೆ ಮುದ್ದೆ ತಿಂದ ಇಬ್ಬರಲ್ಲಿ ಒಬ್ಬನಿಗೆ ಕನ್ನಡ ಓದೋಕೆ ಬರುತ್ತೆ, ಒಬ್ಬಳಿಗೆ ಬರಲ್ಲ. ಮಾತು ಇಬ್ಬರದ್ದೂ ಒಂದೇ.

ಅವಳು ‘ಗುಡುಗುಡಿ’ ಹಾಡನ್ನು ನೋಟ್‌ಬುಕ್ಕಿನಲ್ಲಿ ತಮಿಳು ಲಿಪಿಯಲ್ಲಿ ಬರ್ಕೊಂಡಿದ್ಲು. ತಮಿಳಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಅವಳ ಗೆಳತಿ ಅದನ್ನ ಓದಿದಾಗ ‘ಕುಡುಗುಡಿ’ ಆಯ್ತು. ಹುಕ್ಕದ ನೆಪದಲ್ಲಿ ಶರೀಫರು ಹೇಳಿದ ಒಳಗಿನ ಸಾಧನೆ, ನಮ್ಮನೆಯಲ್ಲಿ ಸ್ವಲ್ಪ ದಿನ ಕುಡುಕರ ಹಾಡು ಅಂತ ಹೆಸರು ಮಾಡ್ತು. ನಕ್ಕಿದ್ದೇ ನಕ್ಕಿದ್ದು. ಈಗ ನೆನೆಸಿಕೊಂಡ್ರೆ ಅಷ್ಟು ನಗು ಬರಲ್ಲ. ಆ ನೋಟ್‌ಬುಕ್ಕಿನಲ್ಲಿ ಒಂದು ಚೂರೂ ತಪ್ಪಿಲ್ಲದೆ ಉಳಿದದ್ದು ಅವಳ ರಾಗ, ತಾಳ, ಉಸಿರು ತಗೊಳ್ಳೋ ಜಾಗಕ್ಕೆ ಹಾಕಿದ ಗೆರೆ. ಅದನ್ನೆಲ್ಲ ಅವಳು ಕಲಿತದ್ದು ವೇದಿಕೆಯ ಧ್ವನಿಮುದ್ರಣದಿಂದ. ಅಲ್ಲಿ ರಘು ಒಂದು ಸಾಲು ಹಾಡಿ, ನಿಲ್ಲಿಸಿ, ಜನರ ಕೈಲಿ ಹೇಳಿಸ್ತಾರೆ. ಸ್ಟುಡಿಯೋ ಹಾಡಿನಲ್ಲಿ ಆ ಬಿಡುವಿಲ್ಲ, ಕಲಿಯೋರಿಗೆ ಜಾಗವೂ ಇಲ್ಲ. ನನ್ನ ಕಿವಿಗಂತೂ ಅದು ಸ್ವಲ್ಪ ಹೆಚ್ಚೇ ಚೊಕ್ಕಟ.

2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವ: ಇವು ಪತ್ರಿಕೆಗಳಲ್ಲಿ ‘ಕನ್ನಡಿಗನ ಸಾಧನೆ’ ಅಂತ ಬಂದವು. ಸಾಧನೆ ಹೌದು. ಆದರೆ ಆಕರವಾಗಿ ನನಗೆ ಬೇಕಾದ್ದು ಬೇರೆ. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ನಿಂತ ಈ ಮನುಷ್ಯ ಹೊರದೇಶದ ಕಛೇರಿಗಳಲ್ಲಿ ಹಾಡಿಗೆ ಮುಂಚೆ ಅದರ ಅರ್ಥ ಬಿಡಿಸಿ ಹೇಳ್ತಾರೆ. ಆಮೇಲೆ ಕನ್ನಡದ ಒಂದಕ್ಷರ ಬಾರದವರ ಬಾಯಲ್ಲಿ ಹಾಡಿಸ್ತಾರೆ. ಆ ಪೀಠಿಕೆ ಮಾತು ಆಲ್ಬಂನಲ್ಲಿ ಇಲ್ಲ. ಶರೀಫರನ್ನು ಯಾರಿಗೆ, ಯಾವ ಮಾತಲ್ಲಿ ಪರಿಚಯಿಸಿದ್ರು ಅಂತ ಮುಂದೆ ಬರೆಯೋರಿಗೆ ಸಿಗೋದು ಆ ಗದ್ದಲದ ರೆಕಾರ್ಡಿಂಗ್‌ಗಳಲ್ಲೇ. ಓದಲು ಬಾರದ ಭಾಷೆಯನ್ನು ಕಿವಿಯಿಂದ ಹಿಡಿದು ಹಾಡೋ ಇಂಗ್ಲೆಂಡಿನ ಜನರನ್ನ ನೋಡಿದಾಗ ನನಗೆ ನೆನಪಾಗಿದ್ದು ತಂಗಿ. ಒಂದು ವ್ಯತ್ಯಾಸ ಇದೆ, ಅದನ್ನ ಮುಚ್ಚಿಡಬಾರದು: ಅವರಿಗೆ ಅದು ಒಂದು ಸಂಜೆ, ಇವಳಿಗೆ ಮನೆಮಾತು.

ಆಲ್ಬಂ ಪಟ್ಟಿಯನ್ನೇ ನಂಬಿದ್ರೆ ತಪ್ಪಿಹೋಗೋ ಇನ್ನೊಂದು ಹಾಡಿದೆ. ‘ನಿನ್ನ ಪೂಜೆಗೆ ಬಂದೆ ಮಾದೇಶ್ವರ’. ಇದು ‘ಅಂತರಾಗ್ನಿ’ಯಲ್ಲಿ ಇಲ್ಲ, ಅದೇ 2008ರ ‘ಸೈಕೋ’ ಸಿನಿಮಾದ್ದು, ಸಂಗೀತ ರಘು ಅವರದ್ದೇ. ವೇದಿಕೆಯಲ್ಲಿ ಮಾತ್ರ ಇದು ಶರೀಫರ ಪದಗಳ ಪಕ್ಕದಲ್ಲೇ ಬರುತ್ತೆ. ಮಲೆ ಮಾದೇಶ್ವರ ಬೆಟ್ಟಕ್ಕೆ ನಮ್ಮ ಹೊಸೂರು, ಡೆಂಕಣಿಕೋಟೆ ಕಡೆಯಿಂದಲೂ ಒಕ್ಕಲು ಹೋಗ್ತಾರೆ. ರಾಜ್ಯದ ಗಡಿ 1956ರದ್ದು, ಮಾದಪ್ಪನ ಪರಿಸೆ ಅದಕ್ಕಿಂತ ಎಷ್ಟೋ ಹಳೇದು. ಕಾರ್ಡಿನಲ್ಲಿದ್ದ ಹಾಡುಗಳಲ್ಲಿ ಅಜ್ಜಿ ತಲೆ ಎತ್ತಿ ಕೇಳಿದ್ದು ಇದೊಂದನ್ನೇ. ಕೇಳಿ, ‘ಯಾಕೆ ಇವನು ಇಷ್ಟು ಅವಸರ ಬೀಳ್ತಾನೆ, ಬೆಟ್ಟ ಹತ್ತೋನು ಹಿಂಗೆ ಹಾಡ್ತಾನಾ?’ ಅಂದ್ರು. ಆಮೇಲೆ ತಾವೇ ನಿಧಾನವಾಗಿ ಬೇರೊಂದು ಮಾದಪ್ಪನ ಪದ ಎತ್ತಿಕೊಂಡ್ರು.

ಮೇಡಂ ಚಾಟ್‌ನಲ್ಲಿ ಕೇಳಿದ್ದಾರೆ: ‘ಅಜ್ಜಿಯ ಪದ ದಾಖಲಾಗಿದೆಯಾ?’ ಆಗಿದೆ ಮೇಡಂ. ಅವತ್ತಲ್ಲ, 2019ರಲ್ಲಿ ನಾನು ಎಂ.ಎ.ಗೆ ಸೇರಿದ ಮೇಲೆ, ಫೋನಿನಲ್ಲಿ. ನಾಲ್ಕು ನಿಮಿಷ ಇದೆ. ಎರಡನೇ ನಿಮಿಷಕ್ಕೆ ಒಂದು ಪದ ಅರ್ಥ ಆಗದೆ, ‘ಅಜ್ಜಿ, ಅದು ಸರಿಯಾಗಿ ಹೇಳಿ, ಬರ್ಕೊಳ್ತೀನಿ’ ಅಂತ ಬಾಯಿ ಹಾಕಿದೆ. ಅವರು ನಿಲ್ಲಿಸಿದ್ರು. ಮತ್ತೆ ಶುರು ಮಾಡಿದಾಗ ಹಾಡಲಿಲ್ಲ, ಪಾಠ ಒಪ್ಪಿಸೋ ಹಾಗೆ ಬಿಡಿಸಿ ಬಿಡಿಸಿ ಹೇಳಿದ್ರು. ಉಳಿದ ಎರಡು ನಿಮಿಷ ಪೂರ್ತಿ ಹಾಗೇ. 2021ರಲ್ಲಿ ತೀರ್ಕೊಂಡ್ರು.

ಆ ಫೈಲನ್ನು ಇಲಾಖೆಯ ಸಂಗ್ರಹಕ್ಕೆ ಕೊಡ್ತೀನಿ. ಕತ್ತರಿಸೋದು ಬೇಡ, ನನ್ನ ದನಿಯೂ ಇರಲಿ. ಬರ್ಕೊಂಡ ಹಾಳೆಯಲ್ಲಿ ಆ ಪದ ಇದೆ, ಎರಡು ಥರ ಬರೆದಿದ್ದೀನಿ. ಯಾವುದು ಸರಿ ಅಂತ ತಂಗಿಗೆ ಕೇಳಿಸಿದೆ. ಅವಳು ಹಾಳೆ ನೋಡಲಿಲ್ಲ, ಮೊದಲ ಎರಡು ನಿಮಿಷವನ್ನೇ ಮತ್ತೆ ಹಾಕು ಅಂದ್ಲು.