ಹಿಂದಿನ ಗಾಲಿಗಳ ಪಾಲು

1888ರ ಆಗಸ್ಟ್‌ನಲ್ಲಿ ಬರ್ತಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಗಂಡ ಕಾರ್ಲ್ ಬೆಂಜ್‌ಗೆ ಹೇಳದೆಯೇ, ಅವರು ಕಟ್ಟಿದ್ದ ಮೂರು ಗಾಲಿಯ ಮೋಟಾರು ಗಾಡಿಯಲ್ಲಿ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟರು. ನೂರು ಕಿಲೋಮೀಟರಿಗೂ ಮೀರಿದ ದಾರಿ. ಇಳಿಜಾರುಗಳಲ್ಲಿ ಬ್ರೇಕಿನ ಮರದ ತುಂಡುಗಳು ಸವೆಯತೊಡಗಿದಾಗ ಬರ್ತಾ, ಪಾದರಕ್ಷೆ ಹೊಲಿಯುವವನೊಬ್ಬನಿಂದ ಅವುಗಳಿಗೆ ಚರ್ಮ ಹೊಡೆಸಿಕೊಂಡರು. ಬ್ರೇಕ್ ಲೈನರ್‌ನ ಕಥೆ ಶುರುವಾಗುವುದು ಅಲ್ಲಿಂದ. ಆ ಗಾಡಿಯನ್ನು ನಿಲ್ಲಿಸುವ ಕೆಲಸವೆಲ್ಲ ಹಿಂದಿನ ಎರಡು ಗಾಲಿಗಳದ್ದು. ಮುಂದಿದ್ದ ಒಂಟಿ ಗಾಲಿಗೆ ದಿಕ್ಕು ತೋರಿಸುವುದಷ್ಟೇ ಹೊಣೆ.

ಮುಂದಿನ ಮೂವತ್ತು ವರ್ಷ ಬಹುಪಾಲು ಕಾರುಗಳು ಹೀಗೇ ಇದ್ದವು. ಮುಂದಿನ ಗಾಲಿಗೆ ಬ್ರೇಕ್ ಹಾಕದಿರಲು ಕಾರಣಗಳಿದ್ದವು. ಕುದುರೆ ಗಾಡಿಗಳ ಕಾಲದಿಂದಲೂ ಬ್ರೇಕ್ ಹಿಂದೆಯೇ ಇರುತ್ತಿತ್ತು. ಎಂಜಿನ್ ತಿರುಗಿಸುತ್ತಿದ್ದುದೂ ಹಿಂದಿನ ಗಾಲಿಗಳನ್ನೇ, ಹಾಗಾಗಿ ಶಾಫ್ಟನ್ನೋ ಗೇರ್‌ಬಾಕ್ಸನ್ನೋ ಹಿಡಿದರೆ ಅವು ನಿಲ್ಲುತ್ತಿದ್ದವು. ಎಡಕ್ಕೂ ಬಲಕ್ಕೂ ತಿರುಗುವ ಮುಂದಿನ ಗಾಲಿಗೆ ಕಬ್ಬಿಣದ ಸರಳಿನ ಮೂಲಕ ಬ್ರೇಕ್ ಬಲ ಸಾಗಿಸುವುದು ನಿಜಕ್ಕೂ ಕಠಿಣ. ಸ್ಟಿಯರಿಂಗ್ ತಿರುಗಿಸಿದರೆ ಸರಳು ಎಳೆದುಕೊಂಡು ಬ್ರೇಕ್ ತಾನಾಗಿ ಹಿಡಿಯುವ ಅಪಾಯವಿತ್ತು. ಇವೆಲ್ಲಕ್ಕಿಂತ ದೊಡ್ಡದಾಗಿದ್ದದ್ದು ಭಯ. ಮುಂದೆ ಬ್ರೇಕ್ ಹಿಡಿದರೆ ಕಾರು ಮಗುಚುತ್ತದೆ ಎಂಬ ಭಯ.

ಭೌತವಿಜ್ಞಾನ ಹೇಳುವುದು ಬೇರೆಯೇ. ಬಸ್ಸಿನ ಚಾಲಕ ಬ್ರೇಕ್ ಒತ್ತಿದಾಗ ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸುತ್ತಾರಲ್ಲ, ಬಸ್ಸಿಗೂ ಆಗುವುದು ಅದೇ. ರಸ್ತೆ ಗಾಲಿಯನ್ನು ಹಿಂದಕ್ಕೆ ಎಳೆಯುವುದು ನೆಲಮಟ್ಟದಲ್ಲಿ. ಕಾರಿನ ಗುರುತ್ವ ಕೇಂದ್ರ ಇರುವುದು ಅದಕ್ಕಿಂತ ಅರ್ಧ ಮೀಟರಿನಷ್ಟು ಮೇಲೆ. ಆ ಎತ್ತರದ ಅಂತರದಿಂದಾಗಿ ಹಿಂದಿನ ಗಾಲಿಗಳ ಮೇಲಿನ ಭಾರದ ಒಂದಂಶ ಮುಂದಿನ ಗಾಲಿಗಳಿಗೆ ವರ್ಗವಾಗುತ್ತದೆ. ಗುರುತ್ವ ಕೇಂದ್ರ ಎತ್ತರವಿದ್ದಷ್ಟೂ, ಮುಂದಿನ ಹಿಂದಿನ ಗಾಲಿಗಳ ನಡುವಿನ ದೂರ ಕಡಿಮೆಯಿದ್ದಷ್ಟೂ, ಬ್ರೇಕ್ ಜೋರಾದಷ್ಟೂ ಹೀಗೆ ಮುಂದೆ ಹೋಗುವ ಭಾರ ಹೆಚ್ಚು.

ಲೆಕ್ಕವನ್ನೇ ಹಾಕಿ ನೋಡಬಹುದು. 1000 ಕಿಲೋ ತೂಕದ ಒಂದು ಚಿಕ್ಕ ಕಾರು. ನಿಂತಾಗ ಮುಂದೆ 600, ಹಿಂದೆ 400 ಕಿಲೋ. ಗಾಲಿಗಳ ನಡುವಿನ ದೂರ 2.4 ಮೀಟರ್, ಗುರುತ್ವ ಕೇಂದ್ರದ ಎತ್ತರ 54 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಸಿಗ್ನಲ್ ಬಳಿ ಮೃದುವಾಗಿ, ಗುರುತ್ವದ ಶೇ 30ರಷ್ಟು ಬಲದಲ್ಲಿ ಬ್ರೇಕ್ ಒತ್ತಿದರೆ ಸುಮಾರು 67 ಕಿಲೋ ಭಾರ ಮುಂದಕ್ಕೆ ಸರಿಯುತ್ತದೆ. ಅಡ್ಡ ಬಂದ ಹಸುವನ್ನು ಉಳಿಸಲು ಶೇ 80ರಷ್ಟು ಬಲದಲ್ಲಿ ತುಳಿದರೆ 180 ಕಿಲೋ. ಆಗ ಮುಂದಿನ ಗಾಲಿಗಳ ಮೇಲೆ 780, ಹಿಂದೆ ಬರೀ 220. ಅದೇ ಕಾರಿಗೆ ಐದು ಜನ ಹತ್ತಿ, ಡಿಕ್ಕಿ ತುಂಬ ಸಾಮಾನು ತುಂಬಿ ಒಟ್ಟು ತೂಕ 1400 ಕಿಲೋ ಆಗಿ, ಅದು ಎರಡೂ ಕಡೆ ಸಮವಾಗಿ ಹಂಚಿದ್ದರೆ? ಅದೇ ಜೋರಿನ ಬ್ರೇಕಿಗೆ ಹಿಂದಿನ ಗಾಲಿಗಳ ಪಾಲು ಶೇ 22ರಿಂದ ಶೇ 32ಕ್ಕೆ ಏರುತ್ತದೆ. ಟೈರಿನ ಹಿಡಿತ ಅದರ ಮೇಲಿನ ಭಾರವನ್ನು ಅವಲಂಬಿಸಿರುವುದರಿಂದ, ಮುಂದಕ್ಕಿಷ್ಟು ಹಿಂದಕ್ಕಿಷ್ಟು ಎಂಬ ಶಾಶ್ವತ ಪ್ರಮಾಣ ಎಲ್ಲಿಯೂ ಇಲ್ಲ. ಅದು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಬ್ರೇಕ್ ತಂತ್ರಜ್ಞಾನದ ಇತಿಹಾಸವೆಲ್ಲ ಈ ಬದಲಾವಣೆಯ ಬೆನ್ನು ಹತ್ತಿದ ಕಥೆ.

ಹಿಂದೆ ಮಾತ್ರ ಬ್ರೇಕ್ ಇದ್ದ ಕಾರು ಎಷ್ಟು ದುರ್ಬಲವಾಗಿತ್ತು ಎಂಬುದನ್ನೂ ಇದೇ ಲೆಕ್ಕ ತೋರಿಸುತ್ತದೆ. ಒಣ ರಸ್ತೆಯಲ್ಲಿ, ಸಾಧಾರಣ ಟೈರಿನಲ್ಲಿ, ಗಂಟೆಗೆ 50 ಕಿ.ಮೀ. ವೇಗದಿಂದ ನಾಲ್ಕೂ ಗಾಲಿಗಳು ಪೂರ್ತಿ ದುಡಿದರೆ ಕಾರು ಸುಮಾರು 14 ಮೀಟರಿನಲ್ಲಿ ನಿಲ್ಲಬಲ್ಲದು. ಹಿಂದಿನವು ಮಾತ್ರ ದುಡಿದರೆ, ತೂಕ ಎರಡೂ ಕಡೆ ಸಮವಾಗಿ ಹಂಚಿದ್ದರೂ, ಸುಮಾರು 32 ಮೀಟರ್ ಬೇಕು. ಹಿಂದಿನ ಗಾಲಿಗಳು ಬಲವಾಗಿ ಹಿಡಿದಷ್ಟೂ ತಮ್ಮ ಮೇಲಿನ ಭಾರವನ್ನು ತಾವೇ ಕಳೆದುಕೊಳ್ಳುತ್ತವೆ.

ಇದನ್ನು ಬೇಗ ಅರಿತವರೂ ಇದ್ದರು. ನೆದರ್‌ಲ್ಯಾಂಡ್ಸ್‌ನ ಸ್ಪೈಕರ್ ಕಂಪನಿ 1903ರಲ್ಲೇ ನಾಲ್ಕು ಗಾಲಿಗೂ ಬ್ರೇಕ್ ಇರುವ ಕಾರು ಕಟ್ಟಿತ್ತು. ಸ್ಕಾಟ್‌ಲ್ಯಾಂಡಿನ ಆರಲ್-ಜಾನ್‌ಸ್ಟನ್ 1909ರಲ್ಲಿ ಮುಂದಿನ ಬ್ರೇಕ್ ಕೊಟ್ಟು, ಸ್ವಲ್ಪ ಕಾಲದಲ್ಲೇ ಕೈಬಿಟ್ಟಿತು. ಅಲ್ಲಿಯದೇ ಆದ ಆರ್ಗೈಲ್ ಕಂಪನಿ ಫ್ರೆಂಚ್ ಎಂಜಿನಿಯರ್ ಆನ್ರಿ ಪೆರೋ ಅವರ ವಿನ್ಯಾಸ ಬಳಸಿತು. ತಿರುಗುವ ಗಾಲಿಗೂ ಬ್ರೇಕ್ ಬಲ ತೊಡಕಿಲ್ಲದೆ ಮುಟ್ಟುವಂತೆ ಮಾಡಿದ ಆ ವಿನ್ಯಾಸ ಮುಂದೆ ಬೆಂಡಿಕ್ಸ್ ಕಂಪನಿಯ ಮೂಲಕ ಅಮೆರಿಕಕ್ಕೂ ಹೋಯಿತು. 1914ರ ಫ್ರೆಂಚ್ ಗ್ರ್ಯಾಂಡ್ ಪ್ರೀ ಲಿಯೋನ್ ಬಳಿ ನಡೆದಾಗ ಪೂಜೊ ಕಾರುಗಳು ನಾಲ್ಕು ಗಾಲಿ ಬ್ರೇಕ್ ತೊಟ್ಟು ಬಂದವು. ಗೆದ್ದದ್ದು ಮುಂದೆ ಬ್ರೇಕ್ ಇಲ್ಲದ ಮರ್ಸಿಡಿಸ್. ಒಳ್ಳೆಯ ವಿಚಾರಕ್ಕೆ ಆ ಸೋಲು ಸ್ವಲ್ಪ ಪೆಟ್ಟು ಕೊಟ್ಟಿರಬೇಕು.

ಮೊದಲ ಮಹಾಯುದ್ಧ ಮುಗಿದ ಮೇಲೆ ಹಾದಿ ತೆರೆಯಿತು. 1919ರಲ್ಲಿ ಹೊರಬಂದ ಹಿಸ್ಪಾನೊ-ಸುಯಿಸಾ ಎಚ್6 ಕಾರಿನಲ್ಲಿ ಮಾರ್ಕ್ ಬಿರ್ಕಿಟ್ ನಾಲ್ಕು ಗಾಲಿಗೂ ಬ್ರೇಕ್ ಇಟ್ಟರಷ್ಟೇ ಅಲ್ಲ, ಕಾಲಿನ ಒತ್ತಡಕ್ಕೆ ಗೇರ್‌ಬಾಕ್ಸಿನ ತಿರುಗಾಟದಿಂದಲೇ ಬಲ ಸೇರಿಸುವ ಏರ್ಪಾಡನ್ನೂ ಮಾಡಿದರು. ರೋಲ್ಸ್-ರಾಯ್ಸ್ ಅದರ ಲೈಸೆನ್ಸ್ ಪಡೆಯಿತು. 1921ರ ಡ್ಯೂಸನ್‌ಬರ್ಗ್ ಮಾಡೆಲ್ ಎ ನಾಲ್ಕೂ ಗಾಲಿಗೆ ಹೈಡ್ರಾಲಿಕ್ ಬ್ರೇಕ್ ತಂದಿತು.

ಆಗ ನಡೆದ ಜಾಹೀರಾತಿನ ಜಗಳ ಓದುವವರಿಗೆ ಇಂದು ಅಚ್ಚರಿ ತರುತ್ತದೆ. ಮೊದಲ ಮಹಾಯುದ್ಧದ ವೈಮಾನಿಕ ವೀರ ಎಡ್ಡಿ ರಿಕನ್‌ಬ್ಯಾಕರ್ ಅವರ ಕಂಪನಿ 1923ರಲ್ಲಿ ನಾಲ್ಕು ಗಾಲಿ ಬ್ರೇಕಿನ ಕಾರನ್ನು ಮಾರುಕಟ್ಟೆಗೆ ಬಿಟ್ಟಿತು. ಪ್ರತಿಸ್ಪರ್ಧಿ ಸ್ಟೂಡಿಬೇಕರ್ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಇಂಥ ಬ್ರೇಕ್ ಅಪಾಯಕಾರಿ ಎಂದು ಜನರನ್ನು ಹೆದರಿಸಿತು. ಕೆಲವೇ ಕಾಲದಲ್ಲಿ ಅದೇ ಸ್ಟೂಡಿಬೇಕರ್ ನಾಲ್ಕು ಗಾಲಿ ಬ್ರೇಕ್ ಕೊಡತೊಡಗಿತು. ರಿಕನ್‌ಬ್ಯಾಕರ್ ಕಂಪನಿ ಮಾತ್ರ 1927ರಲ್ಲಿ ಮುಚ್ಚಿಹೋಯಿತು. ಹೊಸ ಬ್ರೇಕಿನ ಕಾರುಗಳು ಥಟ್ಟನೆ ನಿಲ್ಲುತ್ತಿದ್ದುದರಿಂದ, ಹಿಂದೆ ಬರುವವರನ್ನು ಎಚ್ಚರಿಸಲು ಯುರೋಪಿನಲ್ಲಿ ಕಾರಿನ ಹಿಂಬದಿಗೆ ಕೆಂಪು ತ್ರಿಕೋನದ ಫಲಕ ಹಾಕುವ ರೂಢಿಯೂ ಬಂದಿತ್ತು.

ಸರಳು, ತಂತಿಗಳ ಬ್ರೇಕಿನಲ್ಲಿ ನಾಲ್ಕು ಗಾಲಿಗಳಿಗೆ ಸರಿಯಾಗಿ ಬಲ ಹಂಚುವುದು ಮೆಕ್ಯಾನಿಕ್‌ನ ಕೈಚಳಕಕ್ಕೆ ಬಿಟ್ಟ ಕೆಲಸವಾಗಿತ್ತು. ಒಂದು ತಂತಿ ಸಡಿಲಾದರೆ ಕಾರು ಪಕ್ಕಕ್ಕೆ ಎಳೆಯುತ್ತಿತ್ತು. ಮ್ಯಾಲ್ಕಂ ಲೌಹೆಡ್ ಅಭಿವೃದ್ಧಿಪಡಿಸಿದ ಹೈಡ್ರಾಲಿಕ್ ಪದ್ಧತಿ ಈ ತಲೆನೋವನ್ನು ನೀಗಿತು. ಮುಚ್ಚಿದ ಕೊಳವೆಯೊಳಗಿನ ದ್ರವ ಎಲ್ಲ ಕಡೆಗೂ ಒಂದೇ ಒತ್ತಡ ಮುಟ್ಟಿಸುತ್ತದೆ ಎಂಬ ಪಾಸ್ಕಲ್ ನಿಯಮ ಶಾಲೆಯ ಪಾಠದಲ್ಲೇ ಇದೆ. ಎಂಜಿನಿಯರ್‌ಗೆ ಉಳಿದದ್ದು ಮುಂದಿನ ಗಾಲಿಗೆ ದೊಡ್ಡ ಪಿಸ್ಟನ್, ಹಿಂದಿನದಕ್ಕೆ ಚಿಕ್ಕದು ಇಡುವುದು ಮಾತ್ರ. ಹಂಚಿಕೆಯ ಪ್ರಮಾಣ ಕಾರ್ಖಾನೆಯಲ್ಲೇ ಗೊತ್ತಾಗಿಬಿಡುತ್ತದೆ. 1924ರ ಕ್ರೈಸ್ಲರ್ ಇದನ್ನು ಮಧ್ಯಮ ಬೆಲೆಯ ಕಾರಿಗೆ ತಂದಿತು. ಫೋರ್ಡ್ ಮಾತ್ರ ಪೆಡಲ್‌ನಿಂದ ಚಕ್ರದವರೆಗೂ ಉಕ್ಕಿನ ಭದ್ರತೆ ಎಂದು ಹೇಳಿಕೊಳ್ಳುತ್ತ, 1939ರ ಕಾರುಗಳವರೆಗೂ ಹೈಡ್ರಾಲಿಕ್ ಒಪ್ಪಲಿಲ್ಲ.

ಎರಡನೆಯ ಮಹಾಯುದ್ಧದ ನಂತರ ಡಿಸ್ಕ್ ಬಂತು. ಡನ್‌ಲಪ್ ಡಿಸ್ಕ್ ಬ್ರೇಕ್ ತೊಟ್ಟ ಜಾಗ್ವಾರ್ ಸಿ-ಟೈಪ್ 1953ರ ಲ ಮಾನ್ 24 ಗಂಟೆಗಳ ಓಟ ಗೆದ್ದ ಮೇಲೆ ಅದರ ಸಾಮರ್ಥ್ಯದ ಬಗ್ಗೆ ಅನುಮಾನ ಉಳಿಯಲಿಲ್ಲ. ಬಿಸಿಯಾದರೂ ಹಿಡಿತ ಬಿಡದ ಡಿಸ್ಕನ್ನು ಎಲ್ಲಿಡಬೇಕು ಎಂಬ ಪ್ರಶ್ನೆಗೆ ಬಹುತೇಕ ಕಂಪನಿಗಳ ಉತ್ತರ ಒಂದೇ: ಹೆಚ್ಚು ಕೆಲಸ ಬೀಳುವ ಮುಂದಿನ ಗಾಲಿಗೆ. ಹಿಂದೆ ಡ್ರಮ್ ಉಳಿಯಿತು. ಅಗ್ಗ, ಹ್ಯಾಂಡ್‌ಬ್ರೇಕಿಗೂ ಅನುಕೂಲ. ಭಾರತದಲ್ಲಿ ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳು ದಶಕಗಳ ಕಾಲ ನಾಲ್ಕೂ ಡ್ರಮ್‌ಗಳಲ್ಲೇ ಘಟ್ಟ ಇಳಿದವು. ಮುಂದೆ ಡಿಸ್ಕ್, ಹಿಂದೆ ಡ್ರಮ್ ಎಂಬ ಜೋಡಿ ನಮ್ಮ ಚಿಕ್ಕ ಕಾರುಗಳಲ್ಲಿ ಇಂದಿಗೂ ಸಾಮಾನ್ಯ.

ಇಲ್ಲಿಂದ ಮುಂದೆ ತಿರುವು ಕುತೂಹಲದ್ದು. ಮುಂದಿನ ಬ್ರೇಕಿನ ಭಯ ಹೋಗಿ ಹಿಂದಿನ ಬ್ರೇಕಿನ ಭಯ ಹುಟ್ಟಿತು. ಮುಂದಿನ ಗಾಲಿಗಳು ಮೊದಲು ಲಾಕ್ ಆಗಿ ಜಾರಿದರೆ ಸ್ಟಿಯರಿಂಗ್ ಮಾತು ಕೇಳುವುದಿಲ್ಲ, ಆದರೆ ಕಾರು ಹೆಚ್ಚುಕಡಿಮೆ ನೇರವಾಗಿಯೇ ಸಾಗುತ್ತದೆ. ಹಿಂದಿನವು ಮೊದಲು ಲಾಕ್ ಆದರೆ ಹಿಂಬದಿಯನ್ನು ಸಾಲಿನಲ್ಲಿ ಹಿಡಿದಿಡುವ ಶಕ್ತಿಯೇ ಹೋಗಿ, ಕಾರು ಗಿರಕಿ ಹೊಡೆಯುತ್ತದೆ. ಕಾರು ಬಾಗಿಲ ಕಡೆಯಿಂದ ಹೋಗಿ ಮರಕ್ಕೋ ಎದುರಿನ ವಾಹನಕ್ಕೋ ಬಡಿಯುವ ಅಪಘಾತ ಇದರದು. ಆದ್ದರಿಂದ ಹಿಂದಿನ ಗಾಲಿಗೆ ಅದರ ಪಾಲಿಗಿಂತ ಕಡಿಮೆಯೇ ಕೊಡಬೇಕು ಎಂಬುದು ನಿಯಮವಾಯಿತು. ಬ್ರೇಕಿನ ಜೋರು ಗುರುತ್ವದ ಶೇ 15ರಿಂದ ಶೇ 80ರ ನಡುವೆ ಎಷ್ಟೇ ಇರಲಿ, ಕಾರು ಖಾಲಿಯಿರಲಿ ತುಂಬಿರಲಿ, ಹಿಡಿತದ ಮಿತಿಯನ್ನು ಮೊದಲು ಮುಟ್ಟಬೇಕಾದ್ದು ಮುಂದಿನ ಗಾಲಿಗಳೇ ಎಂದು ವಿಶ್ವಸಂಸ್ಥೆಯ ಯುರೋಪ್ ಆಯೋಗದ 13ನೇ ನಿಯಮಾವಳಿ ಹೇಳುತ್ತದೆ.

ಸುರಕ್ಷೆಯ ದೃಷ್ಟಿಯಿಂದ ಇದು ಸರಿ. ಆದರೆ ಹಿಂದಿನ ಟೈರುಗಳಲ್ಲಿದ್ದ ಹಿಡಿತದ ದೊಡ್ಡ ಭಾಗ ಬಳಕೆಯಾಗದೆ ಉಳಿಯಿತು. ಅದನ್ನು ಅಪಾಯವಿಲ್ಲದೆ ಮರಳಿ ಪಡೆಯುವ ಪ್ರಯತ್ನಗಳಲ್ಲಿ ಹೆಚ್ಚು ಜಾಣತನ ಕಾಣುವುದು 1955ರ ಸಿಟ್ರೊಯೆನ್ ಡಿಎಸ್‌ನಲ್ಲಿ. ಆ ಕಾರಿನ ಸಸ್ಪೆನ್ಷನ್ನೇ ದ್ರವ ಮತ್ತು ಅನಿಲದ್ದು. ಹಿಂದೆ ಭಾರ ಹೆಚ್ಚಾದರೆ ಅಲ್ಲಿನ ದ್ರವದ ಒತ್ತಡವೂ ಹೆಚ್ಚುತ್ತಿತ್ತು, ಆ ಒತ್ತಡವೇ ಹಿಂದಿನ ಬ್ರೇಕಿನ ಪಾಲನ್ನು ನಿರ್ಧರಿಸುತ್ತಿತ್ತು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಭಾರ ನೋಡಿ ಬ್ರೇಕ್ ಹಂಚಿದ ಈ ಏರ್ಪಾಡಿಗೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ.

ಉಳಿದ ಕಾರುಗಳಲ್ಲಿ ಒಂದು ಚಿಕ್ಕ ವಾಲ್ವ್ ಬಂತು. ಒತ್ತಡ ಒಂದು ಮಟ್ಟ ದಾಟಿದ ಮೇಲೆ ಹಿಂದಿನ ಗಾಲಿಗೆ ಹೋಗುವ ಏರಿಕೆಯನ್ನು ಅದು ತಗ್ಗಿಸುತ್ತದೆ. ಸರಕು ಹೊರುವ ಗಾಡಿಗಳಲ್ಲಿ ಹಿಂದಿನ ಆಕ್ಸಲ್‌ಗೆ ಸಣ್ಣ ಸರಳಿನಿಂದ ಜೋಡಿಸಿದ, ಭಾರ ಗ್ರಹಿಸುವ ವಾಲ್ವ್ ಇಟ್ಟರು. ಮಾರುತಿ ಓಮ್ನಿ, ಜಿಪ್ಸಿಗಳ ಕೆಳಗೆ ಬಗ್ಗಿ ಕೆಲಸ ಮಾಡಿದ ಮೆಕ್ಯಾನಿಕ್‌ಗಳಿಗೆ ಇದು ಚೆನ್ನಾಗಿ ಗೊತ್ತು.

ಈ ವಾಲ್ವ್ ಎಷ್ಟು ಸೂಕ್ಷ್ಮದ ವಿಷಯ ಎಂಬುದು ಅಮೆರಿಕದ ನ್ಯಾಯಾಲಯದಲ್ಲಿ ಬಯಲಾಯಿತು. ಜನರಲ್ ಮೋಟಾರ್ಸ್ 1980ರ ಮಾದರಿಗಳಾಗಿ ತಂದ ಷೆವರ್ಲೆ ಸೈಟೇಶನ್ ಮತ್ತು ಅದರ ಸೋದರ ಕಾರುಗಳಲ್ಲಿ ಎಂಜಿನ್, ಗೇರ್‌ಬಾಕ್ಸ್ ಎರಡೂ ಮುಂದೆಯೇ ಇದ್ದವು, ಹಿಂಭಾಗ ಹಗುರ. ಹಿಂದಿನ ಗಾಲಿಗಳು ಬೇಗ ಲಾಕ್ ಆಗಿ ಕಾರು ಗಿರಕಿ ಹೊಡೆಯುತ್ತದೆ ಎಂಬ ದೂರುಗಳು ಬಂದವು. 1983ರಲ್ಲಿ ಸರ್ಕಾರ ಸುಮಾರು 11 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಬೇಕೆಂದು ದಾವೆ ಹೂಡಿತು. 1987ರಲ್ಲಿ ತೀರ್ಪು ಕಂಪನಿಯ ಪರವಾಗಿ ಬಂತು. ಕಾನೂನಿನ ಗೆಲುವು ಯಾರದೇ ಆಗಲಿ, ಮುಂಗಾಲಿ ಚಾಲನೆಯ ಹಗುರ ಕಾರುಗಳಲ್ಲಿ ಹಂಚಿಕೆಯ ಸಣ್ಣ ತಪ್ಪಿಗೂ ಎಷ್ಟು ಬೆಲೆಯಿದೆ ಎಂಬುದನ್ನು ಉದ್ಯಮ ಮರೆಯಲಾಗಲಿಲ್ಲ.

ಎಂಜಿನ್ ಹಿಂದಿರುವ ಪೋರ್ಷೆ 911ರ ಕಥೆ ಇದಕ್ಕೆ ವಿರುದ್ಧ. ಅದರ ತೂಕದ ಸುಮಾರು ಐದರಲ್ಲಿ ಮೂರು ಪಾಲು ಹಿಂದೆಯೇ ಇರುವುದರಿಂದ, ಜೋರಾಗಿ ಬ್ರೇಕ್ ಹಾಕಿದಾಗಲೂ ಹಿಂದಿನ ಗಾಲಿಗಳಿಗೆ ದುಡಿಯುವಷ್ಟು ಭಾರ ಉಳಿಯುತ್ತದೆ. ಓಟದ ಹಾದಿಗಳಲ್ಲಿ ಅದು ತಡವಾಗಿ ಬ್ರೇಕ್ ಹಾಕಿಯೂ ತಿರುವಿಗೆ ಮೊದಲೇ ವೇಗ ಇಳಿಸಿಕೊಳ್ಳುವುದರ ಗುಟ್ಟು ಬಹಳಮಟ್ಟಿಗೆ ಇದೇ.

1978ರಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್‌ನಲ್ಲಿ ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎಬಿಎಸ್ ಬಂದಾಗ ಆಟದ ನಿಯಮವೇ ಬದಲಾಯಿತು. ಗಾಲಿಗಳ ವೇಗವನ್ನು ಸೆನ್ಸರ್ ಅಳೆಯುತ್ತದೆ. ಲಾಕ್ ಆಗುವ ಸೂಚನೆ ಕಂಡೊಡನೆ ಎಬಿಎಸ್ ಒತ್ತಡ ಇಳಿಸಿ ಮತ್ತೆ ಏರಿಸುತ್ತದೆ. 1990ರ ದಶಕದಲ್ಲಿ ಎಂಜಿನಿಯರ್‌ಗಳು ಇದೇ ಸೆನ್ಸರ್, ಇದೇ ವಾಲ್ವ್‌ಗಳಿಂದ ಇನ್ನೊಂದು ಕೆಲಸ ಮಾಡಿಸಿದರು. ಮುಂದಿನ ಗಾಲಿಗಿಂತ ಹಿಂದಿನ ಗಾಲಿ ಎಷ್ಟು ಹೆಚ್ಚು ಜಾರುತ್ತಿದೆ ಎಂದು ನೋಡುತ್ತ, ಎಬಿಎಸ್ ಎಚ್ಚರಗೊಳ್ಳುವ ಮೊದಲೇ ಹಿಂದಿನ ಒತ್ತಡವನ್ನು ತಕ್ಕಷ್ಟಕ್ಕೆ ನಿಲ್ಲಿಸುವ ಇಬಿಡಿ ಹುಟ್ಟಿದ್ದು ಹೀಗೆ. ಹಳೆಯ ವಾಲ್ವ್ ಊಹಿಸುತ್ತಿತ್ತು, ಇಬಿಡಿ ಅಳೆಯುತ್ತದೆ. ಒಬ್ಬರೇ ಕೂತ ಕಾರಿಗೂ ಮದುವೆಗೆ ಹೊರಟ ಕುಟುಂಬ ತುಂಬಿದ ಕಾರಿಗೂ ಹಿಂದಿನ ಗಾಲಿ ತನ್ನ ನಿಜವಾದ ಪಾಲಿನ ಹತ್ತಿರ ಹತ್ತಿರ ದುಡಿಯುವಂತಾಯಿತು. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಯಿತು. 125 ಸಿಸಿ ಮೀರಿದ ಬೈಕುಗಳಿಗೆ ಎಬಿಎಸ್, ಅದಕ್ಕಿಂತ ಚಿಕ್ಕವಕ್ಕೆ ಕನಿಷ್ಠ ಮುಂದಿನ ಹಿಂದಿನ ಬ್ರೇಕುಗಳನ್ನು ಒಟ್ಟಿಗೆ ಹಿಡಿಸುವ ಜೋಡಿ ವ್ಯವಸ್ಥೆ ಬಂತು. ಮುಂದಿನ ಬ್ರೇಕ್ ಮುಟ್ಟಿದರೆ ಪಲ್ಟಿ ಎಂದು ಹೆದರಿ ಕಾಲಿನ ಬ್ರೇಕನ್ನೇ ನೆಚ್ಚಿಕೊಂಡ ನಮ್ಮ ಸವಾರರಿಗೆ ಇದು ಜೀವ ಉಳಿಸುವ ಬದಲಾವಣೆ.

ವಿದ್ಯುತ್ ಕಾರು ಈ ಹಂಚಿಕೆಗೆ ಮೂರನೆಯ ಪಾಲುದಾರನನ್ನು ತಂದಿದೆ. ವೇಗ ಇಳಿಸುವಾಗ ಮೋಟಾರೇ ಜನರೇಟರ್ ಆಗಿ ಬ್ಯಾಟರಿ ತುಂಬುತ್ತದೆ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ರಸ್ತೆಗಿಳಿದ ಪುಟ್ಟ ರೇವಾ ಕೂಡ ಹೀಗೆ ಶಕ್ತಿ ಮರಳಿ ಪಡೆಯುತ್ತಿತ್ತು. ಮೋಟಾರು ಹಿಂದಿದ್ದರೆ ಶಕ್ತಿ ಸಿಗುವುದೂ ಹಿಂದಿನ ಗಾಲಿಗಳಿಂದಲೇ. ಅತಿಯಾಸೆ ಮಾಡಿ ಒದ್ದೆ ರಸ್ತೆಯಲ್ಲಿ ಹೆಚ್ಚು ಎಳೆದರೆ ಹಿಂಬದಿ ಜಾರುತ್ತದೆ. ಹಾಗಾಗಿ ಹಿಡಿತ ತಪ್ಪುವ ಸೂಚನೆ ಕಂಡರೆ ಇಂದಿನ ಕಾರುಗಳ ಕಂಪ್ಯೂಟರ್ ಮೋಟಾರಿನ ಎಳೆತವನ್ನು ಕೂಡಲೇ ತಗ್ಗಿಸುತ್ತದೆ. 2014ರಿಂದ ಫಾರ್ಮುಲಾ ಒನ್ ಕಾರುಗಳ ಹಿಂದಿನ ಬ್ರೇಕನ್ನು ಎಲೆಕ್ಟ್ರಾನಿಕ್ ನಿಯಂತ್ರಣಕ್ಕೆ ಒಪ್ಪಿಸಿದ್ದೂ, ಹಿಂದಿನ ಆಕ್ಸಲ್‌ನಿಂದ 120 ಕಿಲೋವಾಟ್‌ವರೆಗೆ ಶಕ್ತಿ ಸೆಳೆಯುವ ಮೋಟಾರು ಪೆಡಲಿನ ಲೆಕ್ಕವನ್ನೇ ಏರುಪೇರು ಮಾಡುತ್ತಿದ್ದುದರಿಂದ. ಇತ್ತ ಫೋಕ್ಸ್‌ವ್ಯಾಗನ್ ಐಡಿ.3ರಂಥ ಕಾರು ಹಿಂದಿನ ಗಾಲಿಗೆ ಮತ್ತೆ ಡ್ರಮ್ ಹಾಕಿದೆ. ಮೋಟಾರು ಬಹುಪಾಲು ಕೆಲಸ ಮಾಡುವಾಗ ಬಳಕೆಯಿಲ್ಲದ ಡಿಸ್ಕ್ ತುಕ್ಕು ಹಿಡಿಯುತ್ತದೆ, ಮುಚ್ಚಿದ ಡ್ರಮ್‌ಗೆ ಆ ಕಾಟ ಕಡಿಮೆ.

ಇಷ್ಟೆಲ್ಲ ಜಾಣ್ಮೆ ಕೊನೆಗೆ ನಿಂತಿರುವುದು ಕಾರಿನ ಒಡೆಯರ ಎಚ್ಚರದ ಮೇಲೆ. ಹೆಚ್ಚು ಸಾಮಾನು ಹೇರಲೆಂದು ಹಿಂದಿನ ಸ್ಪ್ರಿಂಗಿಗೆ ಇನ್ನೊಂದು ಪ್ಲೇಟ್ ಹಾಕಿಸಿದರೆ, ಭಾರ ಗ್ರಹಿಸುವ ವಾಲ್ವ್ ತುಂಬಿದ ಗಾಡಿಯನ್ನೂ ಖಾಲಿ ಎಂದೇ ತಿಳಿದು ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಕೊಡುತ್ತದೆ. ಅದನ್ನು ಮತ್ತೆ ಹೊಂದಿಸಿಕೊಳ್ಳಲೇಬೇಕು. ಹಿಂದಿನ ಗಾಲಿಗೆ ಸವೆದ ಟೈರ್ ಬೇಡ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಬಿಎಸ್ ದೀಪವೂ ಕೆಂಪು ಬ್ರೇಕ್ ದೀಪವೂ ಒಟ್ಟಿಗೆ ಉರಿಯತೊಡಗಿದರೆ ಇಬಿಡಿ ನಿಂತುಹೋಗಿರಬಹುದು. ಜೋರಾಗಿ ಬ್ರೇಕ್ ಒತ್ತಿದಾಗ ಹಿಂದಿನ ಗಾಲಿಗಳು ಮೊದಲು ಲಾಕ್ ಆಗುವ ಸಾಧ್ಯತೆ ಆಗ ಮರಳಿ ಬರುತ್ತದೆ. ಅಂಥ ಕಾರನ್ನು ಮಳೆಗಾಲದ ಚಾರ್ಮಾಡಿ ಘಾಟಿಗೆ ಒಯ್ಯಬೇಡಿ. ನಿಧಾನವಾಗಿ ಓಡಿಸಿಕೊಂಡು ಹೋಗಿ, ಮೊದಲು ವರ್ಕ್‌ಶಾಪಿನಲ್ಲಿ ತೋರಿಸಿ.