ಗದ್ದೆ ಹೋದ ಮೇಲೂ ಉಳಿದ ಕೆರೆ

ನಮ್ಮೂರ ಕೆರೆ ಹೂಳೆತ್ತೋ ಮಾತು ಮತ್ತೆ ಎದ್ದಿದೆಯಲ್ಲ, ಅದಕ್ಕೇ ಇವತ್ತು ಬೆಂಗಳೂರಿನ ಒಂದು ಕೆರೆ ವಿಷಯ ಬರೀತಿದೀನಿ. ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ಬೆಂಗಳೂರಿಗೆ ದೊಡ್ಡ ಹೊಳೆ ಇಲ್ಲ. ಹಿರೀಕರು ಹಳ್ಳಗಳಿಗೆ ಏರಿ ಹಾಕಿ, ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು ಇಳಿಯೋ ಹಾಗೆ ಸಾಲುಗೆರೆ ಕಟ್ಟಿದ್ರು. ತೂಬು ನೋಡಿಕೊಳ್ಳೋಕೆ ನೀರುಗಂಟಿ, ಬೇಸಿಗೆಯಲ್ಲಿ ಗೋಡು ಹೊಡೆಯೋಕೆ ರೈತರ ಗಾಡಿ. ಕೆಳಗೆ ಗದ್ದೆ ಇತ್ತು, ಅದಕ್ಕೇ ಮೇಲೆ ಕೆರೆ ಉಳೀತು. 1890ರ ದಶಕದಲ್ಲಿ ಹೆಸರಘಟ್ಟದಿಂದ, 1974ರಲ್ಲಿ ಕಾವೇರಿಯಿಂದ ಕೊಳಾಯಿ ನೀರು ಬಂತು. ಗದ್ದೆ ಸೈಟಾಯ್ತು, ಕೆರೆ ಯಾರಿಗೂ ಬೇಡವಾಯ್ತು. ಧರ್ಮಾಂಬುಧಿ ಕೆರೆ ಇದ್ದ ಕಡೆ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. 1985ರಲ್ಲಿ ಸರ್ಕಾರ ಲಕ್ಷ್ಮಣರಾವ್ ಸಮಿತಿ ಮಾಡಿತು. ಉಳಿದ ಕೆರೆ ಒಡೀಬೇಡಿ, ಚರಂಡಿ ನೀರು ಬಿಡಬೇಡಿ ಅಂತ ಸಮಿತಿ ಹೇಳಿತು. ಚರಂಡಿ ಮಾತ್ರ ನಿಲ್ಲಲಿಲ್ಲ.

ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಅಂಥದ್ದೇ. ಸುಮಾರು 48 ಎಕರೆ. ಇದರ ಕೋಡಿ ನೀರು ಸೌಳು ಕೆರೆಗೆ, ಅಲ್ಲಿಂದ ಬೆಳ್ಳಂದೂರಿಗೆ. ಅಚ್ಚುಕಟ್ಟು ಹೋದ ಮೇಲೆ ಇದೂ ಕೊಳಚೆ, ಕಸದ ಗುಂಡಿ ಆಗಿತ್ತು. 2008-09ರ ಹೊತ್ತಿಗೆ ಹಳೇ ಊರಿನವರು, ಅಪಾರ್ಟ್‌ಮೆಂಟಿನವರು, ಪರಿಸರ ಸಂಶೋಧಕಿ ಹರಿಣಿ ನಾಗೇಂದ್ರ ಅಂಥವರು ಸೇರಿ ಪಾಲಿಕೆ ಜೊತೆ ಕೂತು ಮಾತಾಡಿದ್ರು. ಕೊಳಚೆ ಬೇರೆ ಕಡೆ ತಿರುಗಿಸಿ, ಹೂಳೆತ್ತಿ, ನಡುವೆ ದಿಬ್ಬ ಬಿಟ್ಟು, ಸುತ್ತ ಗಿಡ ಹಾಕಿದ್ರು. ನೀರು ನಿಂತಿತು. ಹೆಜ್ಜಾರ್ಲೆ, ನೀರುಕಾಗೆ, ಗುಳುಮುಳುಕ ಬಂದವು.

ನನಗೆ ಹಿಡಿಸಿದ್ದು ಇನ್ನೊಂದು. ಸುತ್ತ ಬೇಲಿ ಹಾಕಿದ್ರೂ ದನ ಇಟ್ಟವರು ಮೇವು ಕೊಯ್ಯೋಕೆ ಅಡ್ಡಿ ಮಾಡಲಿಲ್ಲ. ಎಷ್ಟೋ ಕೆರೆ ‘ಅಭಿವೃದ್ಧಿ’ ಆದಾಗ ಮೊದಲು ಹೊರಗೆ ಬೀಳೋರು ಮೇವಿನೋರು, ಅಗಸರು, ಮೀನಿನೋರು. ವಾಕಿಂಗ್‌ನೋರು ಒಳಗೆ, ಕುಡುಗೋಲು ಹಿಡಿದೋರು ಹೊರಗೆ! ಇದು ಯಾವ ನ್ಯಾಯ?

ಈಗ ನಮ್ಮ ವಿಷಯ. ಬೆಂಗಳೂರಲ್ಲಿ ಕೆಲವು ಕೆರೆಗಳನ್ನ ಬೋಗುಣಿ ಥರ ಎಲ್ಲಾ ಕಡೆ ಒಂದೇ ಆಳ ತೋಡಿ, ದಡ ನೆಟ್ಟಗೆ ಕಡಿದು ಕಲ್ಲು ಕಟ್ಟಿದ್ರು. ನೀರೇನೋ ನಿಂತಿತು. ಆದ್ರೆ ಬೆಳ್ಳಕ್ಕಿಗೆ ಕಾಲೂರೋಕೆ ಮೊಣಕಾಲುದ್ದ ನೀರು ಬೇಕು, ಕಪ್ಪೆಗೆ ಇಳಿಜಾರು ಬೇಕು, ಮೀನು ಮೊಟ್ಟೆ ಇಡೋಕೆ ಜೊಂಡು, ಹುಲ್ಲಿನ ಅಂಚು ಬೇಕು. ದನ ನೀರಿಗಿಳಿಯೋದೂ ಅಲ್ಲೇ ಅಲ್ವಾ? ಜೊಂಡು ಇದ್ರೆ ಹಳ್ಳದಿಂದ ಬರೋ ಮಣ್ಣೂ ಅಲ್ಲೇ ತಡೆಯುತ್ತೆ.

ಜೆಸಿಬಿಯೋರಿಗೆ ಲೆಕ್ಕ ಲೋಡಿನಲ್ಲಿ. ಏರಿ ಪಕ್ಕ ಆಳ ತೆಗೀಲಿ, ಗೋಡು ನಮ್ಮ ಹೊಲಕ್ಕೇ ಬರಲಿ. ನೀರು ಒಳಗೆ ಬರೋ ಕಡೆಯ ಇಳಿಜಾರು ಮುಟ್ಟಬಾರದು ಅಂತ ಕೆಲಸ ಶುರುವಾಗೋಕೆ ಮುಂಚೆ ಬರೆಸಿಕೊಳ್ಳೋಣ. ಬಾವಿ ಹತ್ತಿರದ ಮೂಲೆ ಎಲ್ಲೀವರೆಗೆ ಬಿಡಬೇಕು ಅಂತ ಹಿರಿಯರು ಹೇಳಿ, ಗೂಟ ಹೊಡೆಯೋಕೆ ನಾನು ಬರ್ತೀನಿ.