ಸ್ಕಾಟ್ಲೆಂಡಿನ ಬೆಟ್ಟದ ಮೇಲೆ ನಾಗಪಟ್ಟಣದ ಬಾಗಿಲು

ಸ್ಕಾಟ್ಲೆಂಡಿನ ಉತ್ತರದಲ್ಲಿ, ಆಲ್ನೆಸ್ ಎಂಬ ಊರಿನ ಹತ್ತಿರ ಫೈರಿಶ್ ಅಂತ ಒಂದು ಬೆಟ್ಟವಿದೆ. ಎತ್ತರ ಸುಮಾರು 450 ಮೀಟರ್. ನೆತ್ತಿಯ ಮೇಲೆ ಸಾಲು ಕಮಾನುಗಳ ಕಲ್ಲಿನ ಕಟ್ಟಡ. ಅಲ್ಲಿ ದೇವರಿಲ್ಲ, ಸಮಾಧಿಯಿಲ್ಲ, ಮೇಲೆ ಸೂರೂ ಇಲ್ಲ. ತಮಿಳುನಾಡಿನ ನಾಗಪಟ್ಟಣದ ಕೋಟೆ ಬಾಗಿಲನ್ನು ನೆನೆದು ಕಟ್ಟಿಸಿದ್ದು ಅಂತ ಹೇಳುತ್ತಾರೆ.

ಕಟ್ಟಿಸಿದವನು ನೋವಾರ್ ಎಸ್ಟೇಟಿನ ಒಡೆಯ ಸರ್ ಹೆಕ್ಟರ್ ಮನ್ರೊ. ಬಳ್ಳಾರಿ ಕಡೆಯವರಿಗೆ ಗೊತ್ತಿರುವ ಥಾಮಸ್ ಮನ್ರೊ ಬೇರೆ, ಇವನು ಬೇರೆ. 1764ರಲ್ಲಿ ಬಕ್ಸರ್ ಕದನ ಗೆದ್ದ ಕಂಪನಿ ಸೇನಾಪತಿ ಇವನು. 1780ರ ಸೆಪ್ಟೆಂಬರಿನಲ್ಲಿ ಹೈದರಾಲಿ ಮತ್ತು ಟಿಪ್ಪು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆಯನ್ನು ಹಣಿದರಲ್ಲ, ಆಗ ಕೆಲವೇ ಮೈಲಿ ದೂರದ ಕಾಂಚೀಪುರದಲ್ಲಿ ದೊಡ್ಡ ಸೈನ್ಯ ಇಟ್ಟುಕೊಂಡಿದ್ದವನೂ ಇವನೇ. ಹೊತ್ತಿಗೆ ಸರಿಯಾಗಿ ನೆರವಿಗೆ ಹೋಗಲಿಲ್ಲ. ಭಾರದ ಫಿರಂಗಿಗಳನ್ನು ಅಲ್ಲಿನ ಕೆರೆಗೆ ತಳ್ಳಿ ಮದ್ರಾಸಿಗೆ ವಾಪಸಾದ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲಿನ ದೊಡ್ಡ ಯುದ್ಧಚಿತ್ರ ಆ ಪೊಳ್ಳಿಲೂರಿನದೇ. ಮರುವರ್ಷ ನವೆಂಬರಿನಲ್ಲಿ ಡಚ್ಚರಿಂದ ನಾಗಪಟ್ಟಣ ಗೆದ್ದುಕೊಂಡ. ಬೆಟ್ಟದ ಮೇಲೆ ಬಂದಿದ್ದು ಗೆದ್ದ ಊರಿನ ಬಾಗಿಲು. ಸೋತ ಜಾಗದ ನೆನಪಿಗೆ ಯಾರು ಕಲ್ಲು ನಿಲ್ಲಿಸುತ್ತಾರೆ ಬಿಡಿ.

1782ರಲ್ಲಿ ಅಲ್ಲಿ ಬೆಳೆ ಕೈಕೊಟ್ಟಿತ್ತು. ಸ್ಮಾರಕ ಕಟ್ಟಿಸಿದ್ದೂ ಆ ಸುಮಾರಿಗೇ, ಜನರಿಗೆ ಕೂಲಿ ಸಿಗಲಿ ಅಂತ. ನಮ್ಮಲ್ಲಿ ಬರಗಾಲದ ಕಾಮಗಾರಿ ನಡೆಯುವ ಹಾಗೆ. ಮನ್ರೊ ತಾನೇ ಕಲ್ಲುಗಳನ್ನು ಬೆಟ್ಟದ ಕೆಳಕ್ಕೆ ಉರುಳಿಸಿ, ಮತ್ತೆ ಹೊರಿಸಿ, ಎರಡನೇ ಸಲವೂ ಕೂಲಿ ಕೊಟ್ಟ ಅಂತ ಅಲ್ಲಿಯ ಜನ ಇವತ್ತಿಗೂ ಕಥೆ ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಅದೇ ಕಲ್ಲನ್ನು ಎರಡು ಸಲ ಹೊತ್ತವನಿಗೆ ಏನನ್ನಿಸಿತೋ. ಕೂಲಿ ಕೊಡುವುದಿದ್ದರೆ ರಸ್ತೆ ಮಾಡಿಸಬಹುದಿತ್ತು.

ಹೆಕ್ಟರ್ ಮನ್ರೊ ಕುಲದ ಒಂದು ಕವಲಿನವನು. ಕುಲದ ಮೂಲಮನೆ ಫೌಲಿಸ್ ಕೋಟೆ. ಅದು ಅಲ್ಲೇ ಸ್ವಲ್ಪ ದೂರದಲ್ಲಿ, ಒಳನಾಡಿಗೆ ಚಾಚಿದ ಕ್ರೊಮಾರ್ಟಿ ಅಳಿವೆಯ ಬದಿಯಲ್ಲಿದೆ. ಹಳೆಯದು ಸುಟ್ಟುಹೋಗಿ 1750ರ ನಂತರ ಮತ್ತೆ ಕಟ್ಟಿದ್ದರಿಂದ ಈಗ ನೋಡಲು ಕೋಟೆಗಿಂತ ದೊಡ್ಡ ಬಂಗಲೆಯಂತಿದೆ. ಕುಲದ ಹಿರಿಯನ ಸ್ವಂತ ಮನೆ, ಕೇಳದೆ ಒಳಗೆ ಹೋಗುವಂತಿಲ್ಲ. ಹಿಂದಿನ ಯಜಮಾನರು ಮಣ್ಣಾಗಿರುವುದು ಅಳಿವೆ ದಂಡೆಯ ಕಿಲ್ಟರ್ನ್ ಹಳೇ ಚರ್ಚಿನಲ್ಲಿ. ಅವರಲ್ಲೊಬ್ಬ, ಸರ್ ರಾಬರ್ಟ್, 1746ರ ಜನವರಿಯಲ್ಲಿ ಫಾಲ್ಕರ್ಕ್ ಕದನದಲ್ಲಿ ಸರ್ಕಾರದ ಪರ ಹೋರಾಡಿ ಸತ್ತ. ಅವನ ಜೊತೆಗಿದ್ದ ತಮ್ಮನೂ ಸತ್ತ. ಅವನ ಸಮಾಧಿ ಮಾತ್ರ ಫಾಲ್ಕರ್ಕಿನಲ್ಲೇ ಇದೆ. ಬೇಸಿಗೆಯಲ್ಲೂ ರಾಜನಿಗೆ ಒಂದು ಉಂಡೆ ಹಿಮ ಕೊಡಬೇಕು, ಅದೇ ಈ ಜಮೀನಿನ ಕಂದಾಯ ಅಂತ ಹಳೇ ಮಾತಿದೆ. ಪಕ್ಕದ ಬೆನ್ ವಿವಿಸ್ ಬೆಟ್ಟದಲ್ಲಿ ಹಿಮಕ್ಕೆ ಬರವಿರಲಿಲ್ಲ.

ರೈತರಿಗೆ ಅಂಥ ಸಲೀಸು ಕಂದಾಯ ಇರಲಿಲ್ಲ. ದಂಡೆಯಲ್ಲಿ 1740ರ ಹೊತ್ತಿನ ಉದ್ದನೆಯ ಕಲ್ಲುಕಟ್ಟಡವೊಂದಿದೆ. ಗೇಣಿಯಾಗಿ ಬಂದ ಕಾಳು ತುಂಬುವ ಕಣಜ ಅದು. ನನ್ನನ್ನು ಕೇಳಿದರೆ ಕೋಟೆಗಿಂತ ಮೊದಲು ನೋಡಬೇಕಾದದ್ದು ಇದು.

1792ರ ಹೊತ್ತಿಗೆ ಒಡೆಯರಿಗೆ ಕಾಳಿಗಿಂತ ಉಣ್ಣೆ ಲಾಭವಾಗಿ ಕಂಡಿತ್ತು. ಹೆಕ್ಟರ್ ಮನ್ರೊ ತನ್ನ ಎಸ್ಟೇಟಿನ ಕಿಲ್ಡರ್ಮೋರಿಯನ್ನು ಕ್ಯಾಮರಾನ್ ಸಹೋದರರಿಗೆ ಕುರಿ ಸಾಕಲು ಗೇಣಿಗೆ ಕೊಟ್ಟ. ಪಕ್ಕದ ಸ್ಟ್ರಾತ್‌ರಸ್ಡೇಲ್ ಕಣಿವೆಯ ಜನರ ದನಗಳು ಅಲ್ಲಿಗೆ ಮೇಯಲು ಹೋದವು. ಕ್ಯಾಮರಾನರು ಹಿಡಿದು ದೊಡ್ಡಿಗೆ ಹಾಕಿದರು. ಊರವರು ಗುಂಪುಗೂಡಿ ಹೋಗಿ ಬಿಡಿಸಿಕೊಂಡು ಬಂದರು. ಅಲ್ಲಿಗೆ ನಿಲ್ಲಲಿಲ್ಲ. ಸುತ್ತಲ ಸೀಮೆಯ ಜನ ಸೇರಿ, ಬಂದ ಕುರಿಗಳನ್ನೆಲ್ಲ ಸೀಮೆಯಿಂದಾಚೆಗೆ ಅಟ್ಟುತ್ತೇವೆ ಅಂತ ಹೊರಟರು. ಸಾವಿರಾರು ಕುರಿ ಹೊಡೆದುಕೊಂಡು ಆಲ್ನೆಸ್ ಕಡೆಗೆ ಬಂದರು. ಅವರನ್ನು ಚದುರಿಸಲು ಬಂದಿದ್ದು ಬ್ಲಾಕ್ ವಾಚ್ ರೆಜಿಮೆಂಟು, ಅದೂ ಅಂಥದೇ ಬೆಟ್ಟಸೀಮೆಯ ಹುಡುಗರ ಪಡೆ. ಮುಂದಾಳುಗಳ ಮೇಲೆ ಇನ್ವರ್ನೆಸ್‌ನಲ್ಲಿ ಮೊಕದ್ದಮೆ ನಡೆಯಿತು. ಕಡಲಾಚೆಗೆ ಗಡೀಪಾರು ಎಂದು ಶಿಕ್ಷೆಯಾದ ಇಬ್ಬರು ಹಡಗು ಹತ್ತುವ ಮೊದಲೇ ಜೈಲಿನಿಂದ ತಪ್ಪಿಸಿಕೊಂಡರು. ಅಲ್ಲಿಯ ಗೇಲಿಕ್ ಭಾಷೆಯಲ್ಲಿ ಆ ವರ್ಷದ ಹೆಸರೇ 'ಕುರಿಗಳ ವರ್ಷ'.

ಅದೇ ವರ್ಷ ಡಿಸೆಂಬರಿನಲ್ಲಿ ಹೆಕ್ಟರನ ಮಗನನ್ನು ಗಂಗೆ ಸಮುದ್ರ ಸೇರುವಲ್ಲಿನ ಸಾಗರ ದ್ವೀಪದಲ್ಲಿ ಹುಲಿ ಹೊತ್ತೊಯ್ದು ಕೊಂದಿತು. ಬಿಳಿ ಸಿಪಾಯಿಯ ಮೇಲೆ ಎರಗಿದ ಟಿಪ್ಪುವಿನ ಮರದ ಹುಲಿಗೆ ಈ ಸಾವೇ ಸ್ಫೂರ್ತಿ ಅನ್ನುವವರಿದ್ದಾರೆ, ಒಪ್ಪದವರೂ ಇದ್ದಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅದು ಇಂಗ್ಲಿಷರ ಕೈಸೇರಿತು. ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಫೈರಿಶ್ ಹತ್ತುವವರು ಕಾರು ನಿಲ್ಲಿಸುವುದು ಬೋತ್ ರಸ್ತೆಯಲ್ಲಿ. ಹೆಚ್ಚಿನವರು ಅಲ್ಲಿಂದಲೇ ಬೆಟ್ಟ ಹತ್ತಿ, ಕಮಾನಿನ ಕೆಳಗೆ ಫೋಟೊ ತೆಗೆದುಕೊಂಡು ವಾಪಸಾಗುತ್ತಾರೆ. ಬೆಟ್ಟ ಹತ್ತದೆ ಅದೇ ರಸ್ತೆ ಹಿಡಿದು ಮುಂದಕ್ಕೆ ಹೋದರೆ ಸಿಗುವುದು ಸ್ಟ್ರಾತ್‌ರಸ್ಡೇಲ್ ಕಣಿವೆ.